ಮಾವ ಓದಿದ ಪಟ್ಟಿ

ಕಳೆದ ಭಾನುವಾರ ನಮ್ಮ ಸೋದರಮಾವ ಮನೆಗೆ ಬಂದವರು ಚಹಾ ಬೇಡ ಅಂದರು. ಇಲ್ಲೇ, ತೆಲಂಗಾಣದ ಗಡಿಯ ನಾರಾಯಣಖೇಡದಲ್ಲಿ ಹುಟ್ಟಿ ಬೆಳೆದ ಮನುಷ್ಯ, ಅದೂ ತಂಗಿಯ ಮಗಳ ಮನೆಯಲ್ಲಿ, ಚಹಾ ಬೇಡ ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. (ಸಕ್ಕರೆ ಕಾಯಿಲೆ ಇದ್ದವರೂ ನಮ್ಮಲ್ಲಿ 'ಅರ್ಧ ಕಪ್ ಹಾಕ್ರಿ' ಅನ್ನುತ್ತಾರೆ.)

ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಮುಂದಿಟ್ಟರು.

"ಸಹಿ ಮಾಡು, ಸುವರ್ಣಾ."

ತೆಲುಗಿನಲ್ಲಿ ಅಚ್ಚಾದ ಕಾಗದ. ನಮ್ಮ ಓಣಿಯಲ್ಲಿ ಹೊರರಾಜ್ಯದವರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ, ಈಗಾಗಲೇ ಕೊಟ್ಟವರು ಈ ವಾರದೊಳಗೆ ಖಾಲಿ ಮಾಡಿಸುತ್ತೇವೆ ಅಂತ ಅದರಲ್ಲಿತ್ತು. ಕೆಳಗೆ ಸಾಲು ಸಾಲು ಸಹಿ. ನನಗೆ ಗೊತ್ತಿದ್ದವರೇ ಎಲ್ಲ. ದಿನಾ ಹಾಲು ಹಾಕುವವನ ಹೆಬ್ಬೆಟ್ಟೂ ಅದರಲ್ಲಿತ್ತು.

ಇದನ್ನು ಅಚ್ಚು ಹಾಕಿಸಿದ್ದು ಈ ಸಲದ ಮುನ್ಸಿಪಲ್ ಎಲೆಕ್ಷನ್ನಿಗೆ ಹೊಸದಾಗಿ ಊರಿಗೆ ಬಂದಿರುವ ಒಂದು ಪಾರ್ಟಿ. 'ಹೊರಗಿನವರನ್ನು ಹೊರಗೆ ಹಾಕಿ' ಅನ್ನುವುದು ಅವರ ಮೊದಲ ಮಾತು. ಎರಡನೇ ಮಾತೂ ಅದೇ. (ಹೆಸರು ಬರೆಯುವುದಿಲ್ಲ. ಬಿಟ್ಟಿ ಪ್ರಚಾರ ಯಾಕೆ?)

ನಮ್ಮ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿರುವವನು ಮುನ್ನಾ. ಬಿಹಾರದವನು. ಹೆಂಡತಿ ರಿಂಕಿ, ಮೂರು ವರ್ಷದ ಮಗಳು. ಮೊದಲು ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದ. ಧೂಳಿಗೆ ಕೆಮ್ಮು ಹಿಡಿದು ಅದನ್ನು ಬಿಟ್ಟು ಇಲ್ಲಿನ ದಾಲ್ ಮಿಲ್ಲಿಗೆ ಬಂದ. ಅಂದರೆ ಮಾವ ತಂದ ಕಾಗದ ನೇರವಾಗಿ ನನ್ನ ಮನೆಯ ಹಿಂಬಾಗಿಲಿಗೇ ಬಂದಿತ್ತು.

"ನಾ ಮಾಡಲ್ಲರಿ ಮಾವ," ಅಂದೆ.

ಮಾವ ಯಾರು ಅಂತ ಹೇಳದಿದ್ದರೆ ನೀವು ಈಗಲೇ ಅವರನ್ನು ಖಳನಾಯಕ ಮಾಡಿಬಿಡುತ್ತೀರಿ. ಸ್ವಲ್ಪ ತಡೆಯಿರಿ.

ಮಾವ ಇಲ್ಲಿನ ಬೇಳೆಕಾಳಿನ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಚೀಲ ಹೊತ್ತವರು. ಚೀಲ ಹೊರುತ್ತಲೇ ಹಮಾಲರ ಮೇಸ್ತ್ರಿಯೂ ಆದರು. ಮೇಸ್ತ್ರಿ ಅಂದರೆ ಕುರ್ಚಿಯಲ್ಲಿ ಕೂತು ಬೆರಳು ತೋರಿಸುವ ಕೆಲಸವಲ್ಲ. ಪಾಳಿ ಕೂಗುವ ಕೆಲಸ. ಒಬ್ಬೊಬ್ಬ ಹಮಾಲನಿಗೂ ಒಂದೊಂದು ನಂಬರು. ತೊಗರಿಯ ಗಾಡಿ ಬಂತೆಂದರೆ ಮಾವ ನಂಬರು ಕೂಗಬೇಕು, ಆ ನಂಬರಿನವನೇ ಮುಂದೆ ಬಂದು ಇಳಿಸಬೇಕು. ವರ್ತಕನ ನೆಂಟನಿರಲಿ, ಲೀಡರನ ತಮ್ಮನಿರಲಿ, ಪಾಳಿ ದಾಟುವಂತಿಲ್ಲ.

ಇದರಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಹಮಾಲ ಜ್ವರ ಬಂದು ಮನೆಯಲ್ಲಿ ಮಲಗಿದ್ದರೂ ಅವನ ನಂಬರು ಕೂಗುತ್ತಿದ್ದರು. ಯಾರಾದರೊಬ್ಬ 'ನಾ ಇದ್ದೀನಿ' ಅಂತ ಎದ್ದು ಅವನ ಚೀಲ ಹೊರುತ್ತಿದ್ದ. ಸಂಜೆ ಕೂಲಿ ಮಲಗಿದವನ ಮನೆಗೆ ಹೋಗುತ್ತಿತ್ತು. ಇನ್ಶೂರೆನ್ಸ್ ಕಂಪನಿ ಇಲ್ಲ, ಫಾರ್ಮ್ ಇಲ್ಲ, ಓಟಿಪಿ ಇಲ್ಲ. ಮಾವನ ಗಂಟಲೊಂದೇ.

ಎರಡು ವರ್ಷದ ಹಿಂದೆ ನಮ್ಮ ಓಣಿಯ ಬಾಯಲ್ಲೇ ಇರುವ ದಾಲ್ ಮಿಲ್ಲಿನ ಸಾವುಕಾರರು 'ಈ ಪಾಳಿ ಗೀಳಿ ನಮಗೆ ಬೇಡ' ಅಂದರು. ಒಬ್ಬ ಗುತ್ತೇದಾರನನ್ನು ಹಿಡಿದರು. ಅವನು ಬಿಹಾರದ ಹುಡುಗರನ್ನು ತಂದ. ಮಿಲ್ಲಿನ ಹಿಂದೆ ತಗಡಿನ ಶೆಡ್ ಹಾಕಿ ಇಟ್ಟರು. ಹೆಂಡತಿ ಮಕ್ಕಳಿದ್ದ ಮುನ್ನಾನಂಥವರು ಓಣಿಯಲ್ಲಿ ಬಾಡಿಗೆ ಹಿಡಿದರು. ಒಬ್ಬ ಸಾವುಕಾರರನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಪಾಳಿ ಮುಗಿಯಿತು.

ಅದೇ ವರ್ಷ ಮಾವನಿಗೆ ಹರ್ನಿಯಾ ಆಪರೇಶನ್ ಆಯಿತು. ಎರಡು ತಿಂಗಳು ಹಾಸಿಗೆ. ಇಷ್ಟು ವರ್ಷ ಮಲಗಿದವರೆಲ್ಲರ ನಂಬರು ಕೂಗಿದ ಮನುಷ್ಯನ ನಂಬರನ್ನು ಕೂಗುವವರು ಯಾರೂ ಉಳಿದಿರಲಿಲ್ಲ. 'ನನ್ನ ನಂಬರ್ ಯಾರೂ ಒದರಿಲ್ಲವ್ವಾ' ಅಂತ ಈಗಲೂ ಹೇಳುತ್ತಾರೆ.

ಆಗ ಯಾರು ಏನು ಮಾಡಿದರು? ಹಮಾಲರ ಸಂಘದ ನಾಯಕರು 'ಕೇಸು ನಡೀತಾ ಇದೆ' ಅಂದರು. ಶಾಸಕರ ಪಿಎ 'ವಾಟ್ಸಾಪ್ ಮಾಡಿ' ಅಂದ. ಜಹೀರಾಬಾದಿನ ಬ್ಯಾಂಕಿನಲ್ಲಿರುವ ನನ್ನ ಗಂಡ 'ಸಣ್ಣದೊಂದು ಕಿರಾಣಿ ಹಾಕ್ರಿ' ಅಂತ ಸಲಹೆ ಕೊಟ್ಟರು. ನಾನು? ನಾನು 'ಪಾಪ' ಅಂದೆ.

ಈ ಹೊಸ ಪಾರ್ಟಿಯ ಹುಡುಗರು ಮಾತ್ರ ಬಂದು ಮಾವನ ಹೊರಸಿನ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕೂತರು. ಪಾಳಿಯ ಕಥೆ ಇಡೀ ಕೇಳಿದರು. ಕೇಳಿ ಆದಮೇಲೆ, ಇದಕ್ಕೆಲ್ಲ ಕಾರಣ ಮುನ್ನಾ ಅಂತ ಹೇಳಿಕೊಟ್ಟು ಹೋದರು.

ಭಾನುವಾರಕ್ಕೆ ವಾಪಸ್ ಬರೋಣ. ಸಹಿ ಮಾಡಲ್ಲ ಅಂದೆನಲ್ಲ, ಜೊತೆಗೆ ನನ್ನ ಹತ್ತಿರ ಒಂದು ಅಸ್ತ್ರವೂ ಇತ್ತು.

"ಮಾವ, ನಿಮ್ಮಪ್ಪನೂ ಗಡಿ ದಾಟಿ ಔರಾದ ಕಡೆಯಿಂದ ಬಂದವರಲ್ಲೇನ್ರಿ? ಮನಿಯಾಗ ಇವತ್ತಿಗೂ ಕನ್ನಡ ಮಾತಾಡ್ತೀವಿ. ನಾವು ಒಳಗಿನವ್ರು ಯಾವಾಗ ಆದ್ವಿ?"

ಗೆದ್ದೆ ಅಂದುಕೊಂಡೆ. ಮಾವ ಕಣ್ಣು ಮಿಟುಕಿಸಲಿಲ್ಲ.

"ಹೌದು, ಬಂದಾನ. ಬಂದು ಪಾಳ್ಯಾಗ ಹೆಸರು ಬರೆಸ್ಯಾನ. ಎಲ್ಲಾರಕಿಂತ ಕಡೀಗಿ ನಿಂತಾನ. ಇವ್ರು ಯಾವ ಪಾಳ್ಯಾಗ ನಿಂತಾರ, ಹೇಳು?"

"ಗುತ್ತೇದಾರ ನಿಲ್ಲಾಕ ಬಿಟ್ರಲ್ಲೇನ್ರಿ ನಿಲ್ಲೋದು?"

"ಅದು ನಂಗ ಗೊತ್ತಿಲ್ಲ. ನಿಂಗ ಅವ್ರು ಯಾಕ ಬೇಕಾಗ್ಯಾರ ಅದು ಗೊತ್ತದ. ಬಾಡಗಿ ಏರಿಸಿದ್ರ ತಕರಾರ್ ಮಾಡಂಗಿಲ್ಲ. ಸೂರು ಸೋರಿದ್ರ ಬಾಯಿ ಬಿಡಂಗಿಲ್ಲ. ಸಾವ್ಕಾರಗೂ ಹಂತವ್ರೇ ಬೇಕು, ನಿಂಗೂ ಹಂತವ್ರೇ ಬೇಕು. ಮ್ಯಾಲ ನೀ ಪೇಪರ್‌ದಾಗ ಮಾನವೀಯತೆ ಬರೀತಿ!"

ಕಪಾಳಕ್ಕೆ ಬಾರಿಸಿದ ಹಾಗಾಯಿತು. ಯಾಕೆಂದರೆ ಅದು ಖರೇ. ಈ ಮಳೆಗಾಲದಲ್ಲಿ ಹಿಂದಿನ ಕೋಣೆ ಸೋರಿದ್ದು ನನಗೆ ಗೊತ್ತಾದದ್ದೇ ಆಕಸ್ಮಿಕವಾಗಿ. ಮಳೆ ಬಂತೆಂದು ಒಣಹಾಕಿದ ಬಟ್ಟೆ ತರಲು ಹಿಂದೆ ಹೋದಾಗ ರಿಂಕಿ ನೆಲದ ತುಂಬ ಪಾತ್ರೆ ಹರಡಿಕೊಂಡು ಕೂತಿದ್ದಳು. ಅದೇ ಮೊದಲು ಬಾಡಿಗೆಗಿದ್ದ ಬಸ್ ಕಂಡಕ್ಟರ್ ಆಗಿದ್ದರೆ ಬೀದಿಗೆ ಕೇಳುವಂತೆ ಜಗಳ ತೆಗೆದಿರುತ್ತಿದ್ದ. ರಿಂಕಿ ಜಗಳ ತೆಗೆಯಲಿಲ್ಲ, ನಾನು ರಿಪೇರಿ ಮಾಡಿಸಲಿಲ್ಲ. ನಾಚಿಕೆಯಾಗಬೇಕು ನನಗೆ. (ಸೋಮವಾರ ಬೆಳಿಗ್ಗೆಯೇ ಸೂರು ಸರಿಮಾಡಲು ಗೌಂಡಿಗೆ ಹೇಳಿಕಳಿಸಿದೆ. ಇನ್ನೂ ಬಂದಿಲ್ಲ. ಅವನು ಪಕ್ಕಾ ಲೋಕಲ್.)

"ಬುಧವಾರ ಮೀಟಿಂಗ್ ಅದ. ಯಾರ್‍ಯಾರ ಮನಿ ಖಾಲಿ ಆಗಬೇಕು ಅಲ್ಲಿ ಓದ್ತಾರ. ನಿಂದೂ ಬರ್ತದ," ಅಂತ ಹೇಳಿ ಮಾವ ಚಪ್ಪಲಿ ಮೆಟ್ಟಿಕೊಂಡು ಹೋದರು.

ಗೋಡೆಯಾಚೆ ಎಲ್ಲ ಕೇಳಿಸಿತ್ತು. ಸಂಜೆ ರಿಂಕಿ ಬಂದು, ಸ್ವಲ್ಪ ದಿನ ತಾಂಡೂರಿಗೆ ಹೋಗಿರಲೇ ದೀದಿ, ಅಂತ ಹಿಂದಿಯಲ್ಲಿ ಕೇಳಿದಳು. ಟ್ರಂಕು ಆಗಲೇ ಕಟ್ಟಿಟ್ಟಿದ್ದರು. ಅಲ್ಲಿ ಹೋದರೆ ಮತ್ತೆ ಅದೇ ಕಲ್ಲಿನ ಧೂಳು, ಅದೇ ಕೆಮ್ಮು. ಎಲ್ಲಿಗೂ ಹೋಗಬೇಡ ಅಂದೆ. ಧೈರ್ಯವಾಗಿಯೇ ಅಂದೆ. ಆಮೇಲೆ ಮುಂಬಾಗಿಲ ಚಿಲಕ ಸರಿ ಬೀಳುತ್ತದೋ ಇಲ್ಲವೋ ಅಂತ ಎರಡು ಸಲ ನೋಡಿದೆ.

ಕಾಲೇಜು ಗೆಳತಿಯರ ಗ್ರೂಪಿನಲ್ಲಿ ಇದನ್ನೆಲ್ಲ ಹೇಳಿಕೊಂಡದ್ದು ನನ್ನ ತಪ್ಪು. ಹೈದರಾಬಾದಿನ ಗೆಳತಿ ತಕ್ಷಣ ಒಂದು ವಿಡಿಯೋ ಕಳಿಸಿದಳು. ವಲಸೆಯ ವಿಷಯ ಬಂದರೆ ಯುರೋಪಿನ ಮತದಾರರು ಯಾಕೆ ಕಟ್ಟಾ ಬಲಪಂಥೀಯ ಪಾರ್ಟಿಗಳ ಕಡೆ ವಾಲುತ್ತಾರೆ ಅಂತ ಒಬ್ಬ ಎಕ್ಸ್‌ಪರ್ಟು ಗ್ರಾಫ್ ಹಾಕಿ ವಿವರಿಸುವ ವಿಡಿಯೋ. ಭಯ, ದ್ವೇಷ, ಅಜ್ಞಾನ ಅಂತ ಮೂರು ಬಣ್ಣ. ಕೆಳಗೆ ಅವಳ ಷರಾ: 'ನಿಮ್ಮ ಮಾವನೂ ಇದೇ ಕೇಸ್. ಟಾಕ್ಸಿಕ್. ಬ್ಲಾಕ್ ಮಾಡು.'

ಬ್ಲಾಕ್ ಮಾಡಬೇಕಂತೆ! ನಾನು ಹೆರಿಗೆಗೆ ಬಿದ್ದಾಗ ಬೀದರಿನ ಆಸ್ಪತ್ರೆಯ ಹೊರಗೆ ಎರಡು ದಿನ ನೆಲದ ಮೇಲೆ ಮಲಗಿದ ಮನುಷ್ಯನನ್ನು. ಯಾವ ಬಣ್ಣದಲ್ಲಿ ಬರುತ್ತಾರೆ ತಾಯಿ ಇವರು ನಿನ್ನ ಗ್ರಾಫಿನಲ್ಲಿ? ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾವ ಊರಿನವನು, ಅವನಿಗಿಂತ ಮೊದಲಿದ್ದವನು ಎಲ್ಲಿ ಹೋದ, ಒಂದು ದಿನವಾದರೂ ಕೇಳಿದ್ದೀಯಾ? ಅಗ್ಗದ ಕೆಲಸ ನಮಗೆ ಬೇಕು. ಅದರಿಂದ ಯಾರ ಕೆಲಸ ಹೋಯಿತೋ ಅವನು ಸಿಟ್ಟಾಗಬಾರದು, ಸಿಟ್ಟಾದರೂ ನಮಗೆ ಒಪ್ಪಿಗೆಯಾಗುವ ಭಾಷೆಯಲ್ಲಿ ಆಗಬೇಕು. ಚೆನ್ನಾಗಿದೆ ನ್ಯಾಯ!

ಹಾಗಂತ ಮಾವನ ಕಾಗದಕ್ಕೆ ಸಹಿ ಮಾಡುತ್ತೇನೆಯೇ? ನನ್ನ ಕೈ ಬಿದ್ದು ಹೋದರೂ ಇಲ್ಲ. ಮಾವನಿಗೆ ಆದದ್ದು ಅನ್ಯಾಯ. ಅದನ್ನು ಮಾಡಿದ್ದು ಮುನ್ನಾ ಅಲ್ಲ.

ಬುಧವಾರ ಸಂಜೆ ನಾನೂ ಹೋದೆ. ಓಣಿಯ ಬಯಲಲ್ಲಿ ಶಾಮಿಯಾನ, ಕೆಂಪು ಸೋಫಾ. ಸೋಫಾದ ಮೇಲೆ ಪಾರ್ಟಿಯ ಲೀಡರು. ಅವರ ಪಕ್ಕದಲ್ಲಿ ಶಾಲು ಹೊದ್ದು ಕೂತವರು ಯಾರು ಗೊತ್ತೇ? ದಾಲ್ ಮಿಲ್ಲಿನ ಸಾವುಕಾರರು. ಹೊರಗಿನವರನ್ನು ಲೋಡುಗಟ್ಟಲೆ ತಂದು ಶೆಡ್ಡಿನಲ್ಲಿಟ್ಟವರು, ಹೊರಗಿನವರನ್ನು ಓಡಿಸುವ ಸಭೆಗೆ ಅಧ್ಯಕ್ಷರು. ನನ್ನ ಮೈಯೆಲ್ಲ ಉರಿದು ಹೋಯಿತು.

ಭಾಷಣ ಆಯಿತು. ಚಪ್ಪಾಳೆ ಆಯಿತು. ಪಟ್ಟಿ ಓದುವ ಹೊತ್ತು ಬಂತು. ಓಣಿಗೆಲ್ಲ ಗೊತ್ತಿರುವ ಗಂಟಲು ಅಂತ ಲೀಡರು ಮಾವನನ್ನೇ ಕರೆದು ಮೈಕು ಕೈಗೆ ಕೊಟ್ಟರು.

ಮಾವ ಕನ್ನಡಕ ಏರಿಸಿದರು. ಪಟ್ಟಿ ನೋಡಿದರು. ಹಿಂದೆ ತಿರುಗಿಸಿದರು. ಮತ್ತೆ ಮುಂದೆ ತಿರುಗಿಸಿದರು.

"ಇದು ಪಾಳಿ ಪ್ರಕಾರ ಇಲ್ರಿ," ಅಂದರು.

"ಪರ್ಲೇದು ಪೆದ್ದಾಯನಾ, ಚದವಂಡಿ." ಪರವಾಗಿಲ್ಲ ಹಿರಿಯರೇ, ಓದಿ ಅಂದರು ಲೀಡರು.

"ಹಂಗ ಹ್ಯಾಂಗ ಓದಾಕ ಆಗ್ತದ್ರಿ? ನಲವತ್ತು ವರ್ಷದಾಗ ನಾ ಒಬ್ಬರದೂ ಪಾಳಿ ಹಾರಿಸಿಲ್ಲ. ಓಣಿ ಸುರು ಆಗೋದು ಎಲ್ಲಿಂದ? ಮಿಲ್ಲಿನಿಂದ. ಅದರದೇ ಹೆಸರಿಲ್ಲಲ್ಲ ಇದರಾಗ."

ಆಮೇಲೆ ಮೈಕನ್ನು ಬಾಯಿಂದ ದೂರ ಹಿಡಿದು, ಮಾರ್ಕೆಟ್ಟಿನಲ್ಲಿ ಗಾಡಿ ಬಂದಾಗ ಕೂಗುತ್ತಿದ್ದ ದನಿಯಲ್ಲಿ ಒಂದೇ ಸಲ ಒದರಿದರು.

"ನಂಬರ್ ಒಂದು! ಮಿಲ್ಲಿನ ಶೆಡ್!"

ಹಿಂದೆ ಕೂತಿದ್ದ ಹಳೆಯ ಹಮಾಲರು ಬಿದ್ದು ಬಿದ್ದು ನಕ್ಕರು. ಒಬ್ಬ ಸಿಳ್ಳೆ ಹೊಡೆದ. ಸಾವುಕಾರರು ಶಾಲು ಸರಿಮಾಡಿಕೊಂಡು, ರಿಂಗೇ ಆಗದ ಫೋನನ್ನು ಕಿವಿಗಿಟ್ಟುಕೊಂಡರು.

ಮಾವ ನಿಲ್ಲಿಸಲಿಲ್ಲ. "ನಂಬರ್ ಎರಡು! ನನ್ನ ತಂಗಿ ಮಗಳು ಸುವರ್ಣಾನ ಮನಿ!"

ನೋಡಿ, ಮುಲಾಜೇ ಇಲ್ಲ! ನಾನು ಎದ್ದು ನಿಂತೆ. ದನಿ ಸೋದರಮಾವನದೇ ಬಂತು.

"ಇದ್ದೀನಿ! ನಾ ಖಾಲಿ ಮಾಡ್ಸಂಗಿಲ್ಲ. ಮೊದಲ ಒಂದನೇ ನಂಬರ್ ಖಾಲಿ ಆಗಲಿ, ಆಮ್ಯಾಲ ನನ್ನ ಮನಿಗಿ ಬರ್ರಿ. ಏನು ಮಾಡ್ಕೋತೀರಿ ಮಾಡ್ಕೋರಿ!"

ಗದ್ದಲವೋ ಗದ್ದಲ. ಸಾವುಕಾರರು ಕಾರು ಹತ್ತಿದರು. ಲೀಡರು ಮೈಕು ಕಿತ್ತುಕೊಂಡು ಏನೇನೋ ಹೇಳಿದರು, ಯಾರೂ ಕೇಳಲಿಲ್ಲ. ಮನೆ ಖಾಲಿ ಮಾಡಿಸುವ ಠರಾವು ಆಗಲಿಲ್ಲ. ಮುನ್ನಾನ ಸಂಸಾರ ನನ್ನ ಹಿಂದಿನ ಕೋಣೆಯಲ್ಲೇ ಇದೆ, ಅಲ್ಲೇ ಇರುತ್ತದೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಮಾವ ಬದಲಾದರು, ಎಲ್ಲ ಸುಖಾಂತ. ಗುರುವಾರ ಬೆಳಿಗ್ಗೆ ನಾನೂ ಹಾಗೇ ಅಂದುಕೊಂಡು ಎದ್ದೆ.

ಹಿತ್ತಲಲ್ಲಿ ಮಾವನ ದನಿ ಕೇಳಿಸಿತು. ಹೋಗಿ ನೋಡಿದರೆ ಮುನ್ನಾನ ಎದುರು ನಿಂತಿದ್ದಾರೆ. ತಮ್ಮ ದಖನಿ ಹಿಂದಿಯಲ್ಲಿ, ಮತ್ತೆ ಪಾಳಿ ಕಟ್ಟುತ್ತೇವೆ, ಕೊನೆಯ ನಂಬರು ನಿನ್ನದು, ಹೆಸರು ಬರೆಸುತ್ತೀಯಾ ಅಂತ ಕೇಳುತ್ತಿದ್ದಾರೆ. ಮುನ್ನಾ ನೆಲ ನೋಡಿದ. ಗುತ್ತೇದಾರ ಅದೇ ದಿನ ಕೆಲಸದಿಂದ ತೆಗೆಯುತ್ತಾನೆ ಚಾಚಾ ಅಂದ. ಮಾವ ಅವನ ಹೆಗಲು ತಟ್ಟಿ ಈಚೆ ಬಂದರು.

"ಈಗರೆ ಓಟು ಬ್ಯಾರೆದವ್ರಿಗಿ ಹಾಕ್ತೀರಿಲ್ಲೋ ಮಾವ?" ಅಂದೆ.

"ಇಲ್ಲ. ಅವ್ರಿಗೇ ಹಾಕ್ತೀನಿ."

"ಸಾವ್ಕಾರ ಅವ್ರ ಸೋಫಾದ ಮ್ಯಾಲ ಕುಂತಿದ್ದು ನೋಡಿದ್ರಲ್ಲರಿ!"

"ನೋಡೀನಿ. ನಾ ಏನು ಕುರುಡ ಆಗೀನಿ? ನಿಮ್ಮ ಪಾರ್ಟಿಗಳ ಸೋಫಾದ ಮ್ಯಾಲೂ ಇಷ್ಟು ವರ್ಷ ಅಂವನೇ ಕುಂತಾನ. ಆದ್ರ ಇವ್ರು ನನ್ನ ಕೈಯಾಗ ಒಂದ್ಸಲರೆ ಮೈಕ್ ಕೊಟ್ರು. ನೀವು ಯಾವಾಗ ಕೊಟ್ಟೀರಿ?"

ಉತ್ತರ ಇದ್ದವರು ಬೇಗ ನಮ್ಮ ಓಣಿಗೆ ಬಂದು ಹೇಳಿ, ಓಟಿಗೆ ಇನ್ನು ಹತ್ತೇ ದಿನ ಇದೆ.