ಕೇಳಿಸದೇ ಹೋದ ಹಾಡು

ಕಾಲು ಮುರಿದುಕೊಂಡು ಭದ್ರಾವತಿಯ ಫುಪ್ಪುವಿನ ಮನೆಯಲ್ಲಿ ಮಲಗಿದ್ದಾಗ ನಾನು ಮೊಬೈಲಿನಲ್ಲಿ ಒಂದು ಆಟ ಆಡುತ್ತಿದ್ದೆ. ಆಟದೊಳಗೊಬ್ಬಳು ಹುಡುಗಿ; ಅವಳಿಗೆ ಊಟ, ನಿದ್ದೆ, ಕೆಲಸ ಎಲ್ಲವನ್ನೂ ನಾನೇ ಮಾಡಿಸಬೇಕು. ಅವಳನ್ನು ಗಾಯಕಿಯ ಕೆಲಸಕ್ಕೆ ಸೇರಿಸಿದ್ದೆ. ಫುಪ್ಪು ಅಂದರೆ ನನ್ನ ಅಪ್ಪನ ಅಕ್ಕ, ಮದುವೆಮನೆಗಳಲ್ಲಿ ಢೋಲಕ್ ಬಾರಿಸಿ ಹಾಡುವವರು. ಗಾಯಕಿ ಎಂದಕೂಡಲೇ ಅವರೂ ಪಕ್ಕದಲ್ಲಿ ಬಂದು ಕೂತರು.

ಹುಡುಗಿ ದಿನವೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರೂ ಪ್ರಮೋಷನ್ ಸಿಗಲಿಲ್ಲ.

"ಇನ್ನೂ ಫ್ರೆಂಡ್ಸ್ ಬೇಕಂತೆ ಫುಪ್ಪು," ಎಂದೆ.

"ಹಾಡೋದಕ್ಕೆ ಫ್ರೆಂಡ್ಸ್ ಯಾಕೆ?"

ಆದರೂ ಆಟದ ಬೀದಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದೆವು. ಕೊನೆಗೆ ಅವಳು ದೊಡ್ಡ ಸ್ಟಾರ್ ಆದಳು. ಮರುದಿನ ಉದ್ದನೆಯ ಕಾರೊಂದು ಬಂದು ಅವಳನ್ನು ಕರೆದುಕೊಂಡು ಹೋಯಿತು. ಸಂಜೆ ದಣಿದು ಮರಳಿದಳು.

"ಹಾಡಿದ್ದೆಲ್ಲಿ?" ಎಂದರು ಫುಪ್ಪು.

"ಕೆಲಸಕ್ಕೆ ಹೋದ್ಮೇಲೆ ಏನೂ ತೋರಿಸಲ್ಲ."

"ಕೇಳೋಕಾಗಲ್ಲ ಅಂದ್ರೆ ಇಷ್ಟೆಲ್ಲ ಯಾಕೆ ಮಾಡಿಸ್ದೆ ಮಾರಾಯ್ತಿ? ನಾಳೆಯಿಂದ ಕಳಿಸ್ಬೇಡ."

ಕಳಿಸಲಿಲ್ಲ. ಹುಡುಗಿ ಮನೆಯಲ್ಲೇ ನಿಂತು, ನಮ್ಮಿಬ್ಬರಿಗೂ ಅರ್ಥವಾಗದ ಯಾವುದೋ ಭಾಷೆಯಲ್ಲಿ ಹಾಡಿದಳು. ಫುಪ್ಪು ಮಂಚದ ಅಂಚಿಗೆ ತಾಳ ಹಾಕುತ್ತ ಕೇಳಿದರು. ಹೀಗೇ ಕೆಲವು ದಿನ ಕಳೆಯುವಷ್ಟರಲ್ಲಿ, ಕೆಲಸ ಹೋಯಿತೆಂದು ಪರದೆಯ ಮೇಲೆ ಬಂತು. ನಾವು ಗೆದ್ದೆವೋ ಸೋತೆವೋ ನನಗೆ ತಿಳಿಯಲಿಲ್ಲ.

"ಮೊದಲಿಂದ ಶುರು ಮಾಡ್ಲಾ?" ಎಂದೆ.

"ಸುಮ್ನಿರು, ಅವಳಿನ್ನೂ ಹಾಡ್ತಿದ್ದಾಳೆ," ಎಂದರು ಫುಪ್ಪು.