ಬೋಟಿಗೆ ಚಕ್ರವಿಲ್ಲ

ರಿಯಾಯಿತಿ ಅಕ್ಕಿಗೆ ಯಾರು ಅರ್ಹರೆಂದು ಮನೆಮನೆಗೆ ಹೋಗಿ ಪತ್ತೆಹಚ್ಚಲು, ಶಾಲಾ ಮಾಸ್ತರನಾದ ನನ್ನನ್ನು ಕಾಪುವಿಗೆ ಕಳಿಸಿದ್ದರು. ಪ್ರಶ್ನೆಗಳೆಲ್ಲ ರಾಜಧಾನಿಯಿಂದ ನೇರ ಮೊಬೈಲಿಗೆ ಬಂದಿದ್ದವು. ಟ್ರ್ಯಾಕ್ಟರ್ ಉಂಟೇ, ನಾಲ್ಕು ಚಕ್ರದ ವಾಹನ ಉಂಟೇ ಎಂದು ಕೇಳಬೇಕು. ರಾಜಧಾನಿಯಲ್ಲಿ ಸಮುದ್ರ ಇಲ್ಲದ ಕಾರಣ ಬೋಟಿನ ಬಗ್ಗೆ ಪ್ರಶ್ನೆ ಇರಲಿಲ್ಲ.

ಹಾಗಾಗಿ ಎರಡು ದೊಡ್ಡ ಬೋಟುಗಳ ಯಜಮಾನ ಸದಾನಂದಣ್ಣ ಐದೇ ನಿಮಿಷದಲ್ಲಿ ಬಡವರಾದರು. ಕಾರು ಅಳಿಯನ ಹೆಸರಿನಲ್ಲಿತ್ತು.

ಪಕ್ಕದ ಮನೆಯ ಲೀಲಕ್ಕ ಬುಟ್ಟಿ ಹೊತ್ತು ಮೀನು ಮಾರುವವರು. ಅವರ ಅಂಗಳದಲ್ಲಿ ತೀರಿಹೋದ ಗಂಡನ ಹಳೆಯ ವ್ಯಾನ್ ನಿಂತಿತ್ತು. ಅದರೊಳಗೆ ಕೋಳಿ ಕಾವಿಗೆ ಕೂತಿತ್ತು.

“ಇದು ಇದ್ದರೆ ನಿಮ್ಮ ರೇಷನ್ ಕಾರ್ಡ್ ಹೋಗುತ್ತದೆ ಅಕ್ಕ,” ಎಂದೆ.

“ಎಂತ ಮಾಸ್ಟ್ರೆ, ಅದರಲ್ಲಿ ಎಂಜಿನ್ನೇ ಇಲ್ಲ!”

“ಎಂಜಿನ್ ಬಗ್ಗೆ ಕೇಳಿಲ್ಲ. ಚಕ್ರ ಮಾತ್ರ ಕೇಳಿದ್ದಾರೆ.”

ತಿಂಗಳ ಅಕ್ಕಿ ಕೈತಪ್ಪುತ್ತದೆಂದು ತಿಳಿದು ಅವರು ವ್ಯಾನಿಗೆ ಒಂದು ಸುತ್ತು ಬಂದರು. ಆಮೇಲೆ ಕೇಳಿದರು, “ಮೂರು ಚಕ್ರ ಆದರೆ?”

“ಮೂರಕ್ಕೆ ತೊಂದರೆ ಇಲ್ಲ. ರಿಕ್ಷಾ ಇದ್ದವರಿಗೂ ಕಾರ್ಡ್ ಉಂಟು.”

ಲೀಲಕ್ಕ ಬೇಲಿಯತ್ತ ತಿರುಗಿ, “ಸದಾನಂದಣ್ಣ, ಜಾಕ್ ಉಂಟಾ?” ಎಂದು ಕೂಗಿದರು.

ಹೊಸ ಬಡವರು ಜಾಕ್ ಸಮೇತ ಓಡಿಬಂದು, ಲುಂಗಿ ಎತ್ತಿ ಕಟ್ಟಿ ಚಕ್ರಕ್ಕೆ ಕೈ ಹಾಕಿದರು.

“ಮೆಲ್ಲ ಮಾರಾಯ್ರೆ, ಕೋಳಿ ಎದ್ದರೆ ಮೊಟ್ಟೆ ಹಾಳು,” ಎಂದು ಲೀಲಕ್ಕ ಗದರಿದರು.

ನಾನು ಬಗ್ಗಿ ಎಣಿಸಿದೆ. ಮೂರೇ ಇದ್ದವು. ಹಾಗೆಯೇ ಬರೆದೆ, ಕಾರ್ಡ್ ಉಳಿಯಿತು. ಇಡೀ ಸಮೀಕ್ಷೆಯಲ್ಲಿ ನಾನು ಖುದ್ದಾಗಿ ಸ್ಥಳ ಪರಿಶೀಲನೆ ಮಾಡಿ ಬರೆದ ಉತ್ತರ ಅದೊಂದೇ.