ಗುರುವಾರದ ವೋಟು

ಲಂಡನ್ನಿನ ನಮ್ಮ ಏರಿಯಾದ ಎಂ.ಪಿ. ಶನಿವಾರ ಲೈಬ್ರರಿಯಲ್ಲಿ ಕೂತು ಜನರ ಕಷ್ಟ ಕೇಳುತ್ತಿದ್ದರು. ಪೆನ್ನಿನ ಕ್ಯಾಪು ಕಚ್ಚಿಕೊಂಡೇ ಎಲ್ಲವನ್ನೂ ಬರೆದುಕೊಂಡು, "ನಾನು ನೋಡ್ತೀನಿ ಬಿಡಿ" ಎನ್ನುತ್ತಿದ್ದರು. ಒಮ್ಮೆ ತಿರಸ್ಕೃತವಾಗಿದ್ದ ನಮ್ಮ ಅತ್ತೆಯ ವೀಸಾ ಅವರು ಪತ್ರ ಬರೆದ ಮೇಲೆ ಬಂತು. ಗುರುರಾಯರೇ ಇವರ ಕೈಯಲ್ಲಿ ಬರೆಸಿದರು ಎಂದುಕೊಂಡೆ. "ನನ್ನ ವೋಟು ನಿಮಗೇ ಸಾರ್" ಎಂದು ಮಾತು ಕೊಟ್ಟೆ.

ಚುನಾವಣೆ ಗುರುವಾರ ಬಂತು. ಅಂದು ನಮ್ಮ ಮನೆಯಲ್ಲಿ ರಾಯರ ಭಜನೆ.

"ಹೋಗಿ ಹಾಕ್ಬಿಟ್ಟು ಬಾರೇ, ಸ್ಕೂಲು ಇಲ್ಲೇ ಇದೆ" ಎಂದರು ಯಜಮಾನರು.

"ನಂದೊಂದು ವೋಟಿಂದ ಏನಾಗತ್ತೆ ರೀ? ಪ್ರಸಾದಕ್ಕೆ ಇನ್ನೂ ರವೆ ಹುರಿದಿಲ್ಲ."

ನಾನು ಹೋಗಲಿಲ್ಲ. ಎಂ.ಪಿ. ಸೋತರು.

ಮುಂದಿನ ವಾರ ಅಂಗಡಿಯಲ್ಲಿ ಸಿಕ್ಕಾಗ, "ಅತ್ತೆ ಚೆನ್ನಾಗಿದ್ದಾರಾ? ನಿಮ್ಮ ವೋಟಿಗೆ ಥ್ಯಾಂಕ್ಸ್" ಎಂದರು. ಹಾಕಲಿಲ್ಲ ಎನ್ನಲು ಬಾಯಿ ಬರದೆ ತಲೆಯಾಡಿಸಿಬಿಟ್ಟೆ.

ಈಗ ಗುರುವಾರ ದೀಪ ಹಚ್ಚುವಾಗ ರಾಯರ ಮುಖ ನೋಡುವುದಿಲ್ಲ, ಬತ್ತಿಯನ್ನಷ್ಟೇ ನೋಡುತ್ತೇನೆ.